ಏರಿಗೆ ಹತ್ತಿದ ನೀರು

ಬೆಳಗೊಳದ ಮಂಚಮ್ಮ ಮನೆಬಸ್ಸಿನ ಮೆಟ್ಟಿಲು ಹತ್ತಿದ ದಿನ ಅವಳ ಕೈಯಲ್ಲಿದ್ದದ್ದು ಒಂದು ಬಟ್ಟೆಗಂಟು, ಒಂದು ಗುದ್ದಲಿ.

"ಸಮುದ್ರ ನೋಡಕ್ಕೆ ಗುದ್ದಲಿ ಯಾಕಕ್ಕ? ಅಲ್ಲೂ ಯಾರ ಗದ್ದೆಗಾದ್ರೂ ನೀರು ಕಟ್ಟಬೇಕಾ?" ಎಂದು ವಾರಗಿತ್ತಿ ಪುಟ್ಟತಾಯಮ್ಮ ಕಿಟಕಿಯಿಂದಲೇ ಕೆಣಕಿದಳು.

"ನೀನು ಎಲೆಅಡಿಕೆ ಚೀಲ ಬುಟ್ಟು ಬಂದಿದ್ದೀಯಾ? ಇಲ್ವಲ್ಲ. ಇದೂ ಅಂಗೇ ಕಣಮ್ಮಿ. ಜರುಗು ಅತ್ಲಾಗೆ."

ಮನೆಬಸ್ಸು ಎಂದು ಹೆಸರಿಟ್ಟವರು ಅದರಲ್ಲಿ ಹೊರಟ ಈ ಹೆಂಗಸರೇ. ಪಾಂಡವಪುರದ ದಿಲೀಪ ಒಂದು ಹಳೇ ಬಸ್ಸು ಕೊಂಡು, ಸೀಟು ಕಿತ್ತು, ಮೇಲೊಂದು ಕೆಳಗೊಂದು ಮಲಗುವ ಹಲಗೆ ಹೊಡೆಸಿ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಹಿಂದೆ ಒಂದು ಚಿಕ್ಕ ಕಕ್ಕಸು ಕೂಡಿಸಿದ್ದ. ಅವನ ಅಕ್ಕ ಪ್ರಮೀಳಾ ಬೆಳಗೊಳದ ಹಾಲಿನ ಡೇರಿಯ ಸೆಕ್ರೆಟರಿ. ಡೇರಿಗೆ ಹಾಲು ಹಾಕುವ ಏಳು ಹೆಂಗಸರನ್ನು ಗುಡ್ಡೆಹಾಕಿ, ಹೊನ್ನಾವರದಿಂದ ಕಾರವಾರದವರೆಗೆ ಕಡಲ ಬಂಡೆಗಳ ದಾರಿ ಸುತ್ತಿಸಿಕೊಂಡು ಬರುತ್ತೇನೆ ಎಂದು ಹೊರಡಿಸಿದವಳು ಅವಳೇ.

ಮಂಚಮ್ಮನಿಗೆ ಎಪ್ಪತ್ತೊಂದು. ಮಗ ಮರಿಸ್ವಾಮಿ ಬೇಡವೇ ಬೇಡ ಎಂದಿದ್ದ. ಅವಳು ಎರಡು ದಿನ ಮಾತು ಬಿಟ್ಟ ಮೇಲೆ ಸೋತು, ಪ್ರಮೀಳಾಳಿಂದ ಕೈಮೇಲೆ ಕೈ ಹಾಕಿಸಿಕೊಂಡು ಮಾತು ತೆಗೆದುಕೊಂಡಿದ್ದ: ಅವ್ವನಿಂದ ಏನಾದರೂ ಹೆಚ್ಚುಕಮ್ಮಿಯಾದರೆ, ಮೊದಲು ಸಿಕ್ಕ ಬಸ್ಸಿಗೆ ಹತ್ತಿಸಿ ವಾಪಸು ಕಳಿಸಬೇಕು. ಆ ಮಾತು ದಾರಿಯುದ್ದಕ್ಕೂ ಮಂಚಮ್ಮನ ಬೆನ್ನಿನ ಮೇಲೆ ಕುಳಿತೇ ಬಂತು.

ಅವಳಿಗೆ ನೋಡಬೇಕಾಗಿದ್ದದ್ದು ದೇವಸ್ಥಾನವಲ್ಲ. ಗಂಡ ತಮ್ಮಯ್ಯ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ಎತ್ತಿ ಇಳಿಸುವವನು. ಅವನು ಸತ್ತಾಗ ಮಂಚಮ್ಮ ಅವನ ಗುದ್ದಲಿ ಹೆಗಲಿಗಿಟ್ಟು ನಾಲೆಗೆ ನಡೆದಳು. ಬೆಳಗಾಗೆದ್ದು ಮುಂಡೆಯ ಮುಖ ನೋಡಿ ನಾಟಿಗಿಳಿಯಬೇಕಾ ಎಂದು ತಿಮ್ಮರಾಜು ಎಂಬ ದೊಡ್ಡ ಹಿಡುವಳಿದಾರ ಆ ಗುದ್ದಲಿಯನ್ನು ಕಿತ್ತು ನಾಲೆಗೆ ಎಸೆದ. ಅವಳು ಸೊಂಟದ ಮಟ್ಟ ನೀರಿಗಿಳಿದು ಗುದ್ದಲಿ ಎತ್ತಿಕೊಂಡು ಬಂದು, ಒದ್ದೆ ಸೀರೆಯಲ್ಲೇ ತೂಬಿನ ಕಲ್ಲಿನ ಮೇಲೆ ಕುಳಿತಳು. "ಮುಖ ನೋಡಬ್ಯಾಡ ಬುಡು, ನೀರು ನೋಡು. ನಿನ್ನ ಸರದಿ ಕೊನೇಗೆ." ಅಂದಿನಿಂದ ಅರವತ್ತು ದಾಟುವವರೆಗೆ, ಇಪ್ಪತ್ತೆರಡು ವರ್ಷ ಅವಳೇ ನೀರುಗಂಟಿ. ಅಷ್ಟು ವರ್ಷ ನೀರನ್ನು ಮುಂದಕ್ಕೆ ಕಳಿಸಿದವಳಿಗೆ, ಅದು ಹೋಗಿ ನಿಲ್ಲುವ ಜಾಗ ಹೇಗಿರುತ್ತದೆ ಎಂದು ಒಮ್ಮೆ ಕಣ್ಣಲ್ಲಿ ನೋಡಬೇಕಿತ್ತು.

"ನಮ್ಮ ಕಾವೇರಿ ಸೇರೋದು ಆ ಕಡೆ ಸಮುದ್ರಕ್ಕೆ ಅಜ್ಜಿ, ಇದಲ್ಲ," ಎಂದು ಸ್ಟೀರಿಂಗ್ ಹಿಡಿದ ದಿಲೀಪ ನಕ್ಕಿದ್ದ.

"ನಡುವೆ ಯಾವನಾದ್ರೂ ಬದು ಹಾಕವ್ನಾ? ಇಲ್ವಲ್ಲ. ಎಲ್ಲಾ ಒಂದೇ ನೀರು. ನೀ ಗಾಡಿ ನೋಡ್ಕೊಂಡು ಓಡುಸು."

ಶಿವರಾತ್ರಿಯ ಮರುದಿನ, ಅಮಾವಾಸ್ಯೆ. ಬೆಳಿಗ್ಗೆ ಏಳಕ್ಕೆ ಬಸ್ಸು ಕುಮಟಾದಾಚೆ ಒಂದು ಗುಡ್ಡ ಇಳಿದು ಕಡಲ ಮುಂದೆ ನಿಂತಿತು. ಎಡಕ್ಕೂ ಬಲಕ್ಕೂ ಕರೀ ಬಂಡೆ, ನಡುವೆ ಚಾಪೆ ಹಾಸಿದಂಥ ಗಟ್ಟಿ ಮರಳು. ಮೇಲಿನ ದಿಣ್ಣೆಯಲ್ಲಿ ನಿಲ್ಲಿಸಲೋ ಮರಳಿನ ಮೇಲೋ ಎಂದು ದಿಲೀಪ ಕೇಳಿದ. ಮಂಚಮ್ಮ ಇಳಿದಳು. ಹಿಮ್ಮಡಿಯಿಂದ ಮರಳು ಒತ್ತಿದಳು. ಕಣ್ಣು ಕಿರಿದು ಮಾಡಿ ನೀರಿಗೂ ಬಸ್ಸಿಗೂ ಇಳಿಜಾರು ಅಳೆದಳು.

"ಇಲ್ಲೇ ನಿಲ್ಸು ಕಣಪ್ಪ. ನೀರು ಆಳುದ್ದ ತಗ್ಗಿನಲ್ಲೈತೆ. ತಗ್ಗಿನ ನೀರು ಏರಿಗೆ ಹತ್ತಿದ್ದ ನನ್ನ ಜನ್ಮದಲ್ಲೇ ಕಂಡಿಲ್ಲ."

ನೀರಿನ ವಿಷಯದಲ್ಲಿ ಅವಳ ಮಾತಿಗೆ ಎದುರು ಹೇಳುವವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಮರಳಿನ ಮೇಲೇ ಒಲೆ ಇಳಿಸಿದರು. ಪುಟ್ಟತಾಯಮ್ಮ ಮುದ್ದೆಗೆ ಎಸರಿಟ್ಟಳು. ಉಳಿದವರು ಸೀರೆ ಎತ್ತಿ ಕಟ್ಟಿ ಅಲೆಗೆ ಕಾಲು ಕೊಟ್ಟು ಕೂಗಾಡಿದರು. ಮಂಚಮ್ಮ ಬಂಡೆಯ ಮೇಲೆ ಕುಳಿತು ನೋಡಿದಳು. ತೂಬಿಲ್ಲ, ಸರದಿಯಿಲ್ಲ. ಎಷ್ಟು ನೀರು, ಯಾರಿಗೂ ಸೇರದ್ದು!

ಹತ್ತೂವರೆಗೆ ಗುಡ್ಡದ ಮೇಲಿಂದ ಮೀನು ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೂಗಿದಳು: "ಏ ಅಮ್ಮಾ! ಗಾಡಿ ಮೇಲೆ ತಕಳಿ! ಅಮಾಸೆ ಭರತ, ನೀರು ಏರ್ತದೆ!"

ಅಷ್ಟರಲ್ಲಿ ಒಂದು ಅಲೆ ಬಂದು ಒಲೆ ಆರಿಸಿ, ಮುದ್ದೆ ಪಾತ್ರೆಯನ್ನು ಎತ್ತಿಕೊಂಡೇ ಹೋಯಿತು. ದಿಲೀಪ ಓಡಿಹೋಗಿ ಗಾಡಿ ಎಬ್ಬಿಸಿದ. ಗಾಲಿ ತಿರುಗಿದಷ್ಟೂ ಹೂತಿತು. ಮಧ್ಯಾಹ್ನದ ಹೊತ್ತಿಗೆ ಮನೆಬಸ್ಸಿನ ಮೆಟ್ಟಿಲು ಮುಳುಗಿ, ನೀರು ಒಳಗಿನ ಕೆಳಹಲಗೆಯನ್ನೂ ಮುಟ್ಟಿತ್ತು. ಒಳಗಿದ್ದ ರಾಗಿಹಿಟ್ಟಿನ ಚೀಲ ನೆಂದು ಅಂಬಲಿಯಾಗಿತ್ತು.

"ಏರಿಗೆ ಹತ್ತಲ್ಲ ಅಂದೆಯಲ್ಲಕ್ಕ, ಹತ್ತಿ ನನ್ನ ಹಾಸಿಗೆ ಮೇಲೇ ಕುಂತೈತೆ!" ಎಂದಳು ಪುಟ್ಟತಾಯಮ್ಮ.

ಮಂಚಮ್ಮ ಆಚೀಚೆ ಕರೆದೊಯ್ಯುವವರಿಲ್ಲದೆ ನೀರು ತಾನಾಗಿ ಮೇಲಕ್ಕೆ ನಡೆದು ಬಂದದ್ದನ್ನೇ ನೋಡುತ್ತಿದ್ದಳು. ನಾಚಿಕೆಗಿಂತ ಅವಳಿಗೆ ಅಚ್ಚರಿಯೇ ಹೆಚ್ಚು.

ಮೂರರ ಸುಮಾರಿಗೆ ಕಡಲು ಹಿಂದೆ ಸರಿಯಿತು. ಮೀನುಗಾರರು ನಾಲ್ಕು ಜನ ಹಗ್ಗ ತಂದು ಎಳೆದರು, ಬಸ್ಸು ಅಲ್ಲಾಡಲಿಲ್ಲ. ಗಾಲಿಗಳ ಸುತ್ತ ಗುಂಡಿಯಾಗಿ ನೀರು ನಿಂತಿತ್ತು. ಮಂಚಮ್ಮ ಗುದ್ದಲಿ ತಂದಳು.

"ನಿಲ್ಲಿ ಅತ್ಲಾಗೆ. ನೀರು ನಿಂತ ಕೆಸರು ಎತ್ತಿನ ಕಾಲೇ ಬುಡಲ್ಲ, ಇದನ್ನ ಬುಟ್ಟದಾ?"

ಗಾಲಿಯಿಂದ ಕಡಲಿನ ಕಡೆಗೆ ಒಂದು ಕಾಲುವೆ ತೆಗೆದಳು. ಮರಳು ಕುಸಿದರೆ ಮತ್ತೆ ತೆಗೆದಳು. ನಿಂತ ನೀರು ಬಸಿದು ಹೋಯಿತು. ಗಾಲಿಯಡಿ ತೆಂಗಿನ ಗರಿ ತುರುಕಿಸಿ, "ಈಗ ಎಳೀರಿ!" ಎಂದಳು. ದಿಲೀಪ ಎಂಜಿನ್ ಎಬ್ಬಿಸಿದ, ಹೆಂಗಸರೂ ಹಗ್ಗಕ್ಕೆ ಕೈ ಹಾಕಿದರು, ಬಸ್ಸು ನರಳಿ ಮೇಲೆ ಬಂತು. ಮೀನಿನ ಹೆಂಗಸು ಅವಳ ಪಕ್ಕ ನಿಂತು, ಮರಳಿನ ಮೇಲೆ ಒಣಕಲು ಚಿಪ್ಪು ಕಸಗಳ ಗೆರೆಯೊಂದನ್ನು ಕಾಲಿನಿಂದ ತೋರಿಸಿದಳು. "ನೀರು ಇಲ್ಲೀವರೆಗೆ ಬರ್ತದೆ ಅಮ್ಮ. ಅದರ ಗಡಿ ಅದೇ ಬರೆದಿಟ್ಟು ಹೋಗ್ತದೆ."

ಮರುದಿನ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಪ್ರಮೀಳಾ ಕಣ್ಣು ತಪ್ಪಿಸಿ ಹೇಳಿದಳು: "ದೊಡ್ಡವ್ವ, ಮೈಸೂರು ಬಸ್ಸು ನಿಂತೈತೆ. ನಾನು ಮರಿಸ್ವಾಮಣ್ಣನಿಗೆ ಮಾತು ಕೊಟ್ಟಿವ್ನಿ."

"ಕೊಟ್ಟೋಳು ನೀನು. ಹತ್ತು ಹೋಗು."

"ಅಂಗಲ್ಲ ದೊಡ್ಡವ್ವ..."

"ತಪ್ಪು ನಂದೇ ಕಣವ್ವ, ಇಲ್ಲ ಅಂದ್ನಾ? ತಪ್ಪು ಮಾಡ್ದೋರನ್ನೆಲ್ಲ ಮನೆಗೆ ಕಳ್ಸಂಗಿದ್ರೆ ನಮ್ಮ ನಾಲೆ ಮೇಲೆ ಒಬ್ಬ ಗಂಡ್ಸೂ ಉಳೀತಿರ್ಲಿಲ್ಲ. ಫೋನು ಹಚ್ಚು ಅವನಿಗೆ."

ಪ್ರಮೀಳಾ ಹಚ್ಚಿಕೊಟ್ಟಳು.

"ಮರಿಸ್ವಾಮಿ, ಬಸ್ಸು ಮುಳುಗಿಸ್ದೋಳೂ ನಾನೇ, ಬುಡಿಸ್ದೋಳೂ ನಾನೇ. ಪ್ರಮೀಳನ ಕೈಲಿ ತಕ್ಕೊಂಡ ಮಾತು ವಾಪಸ್ ತಕ್ಕೊ."

"ಅವ್ವ, ನಿಂಗೆ ಎಪ್ಪತ್ತೊಂದು!"

"ಅದುಕ್ಕೇ ಈಗ ಬಂದಿವ್ನಿ. ತೊಂಬತ್ತಕ್ಕೆ ಹೊತ್ಕೊಂಡು ಬರ್ತೀಯೇನ್ಲಾ?"

ಕಂಡಕ್ಟರು ಮೈಸೂರು ಮೈಸೂರು ಎಂದು ಕೂಗಿದ. ಮಂಚಮ್ಮ ಮನೆಬಸ್ಸಿನ ಮೆಟ್ಟಿಲ ಮೇಲೆ, ಗುದ್ದಲಿ ಅಡ್ಡಕ್ಕಿಟ್ಟುಕೊಂಡು, ಅಂದು ತೂಬಿನ ಕಲ್ಲಿನ ಮೇಲೆ ಕುಳಿತ ಹಾಗೆ ಕುಳಿತಳು. ಒಳಗಿನಿಂದ ಪುಟ್ಟತಾಯಮ್ಮ ಕೂಗಿದಳು: "ಲೇ ದಿಲೀಪ, ಅವಳು ಏಳಲ್ಲ ಕಣ್ಲಾ. ಮೂವತ್ತು ವರ್ಷದ ಹಿಂದೆ ತಿಮ್ಮರಾಜನ ಕೈಲೇ ಆಗ್ಲಿಲ್ಲ. ಗಾಡಿ ಎತ್ತು!"

ಮೈಸೂರು ಬಸ್ಸು ಹೊರಟುಹೋಯಿತು. ಫೋನಿನಲ್ಲಿ ಮರಿಸ್ವಾಮಿ, "ಆಯ್ತು ಹೋಗು, ನೀರಿಗೆ ಮಾತ್ರ ಇಳೀಬೇಡ ಅವ್ವ," ಎಂದ.

"ಇಳೀತೀನಿ," ಎಂದು ಅವಳು ಫೋನನ್ನು ಪ್ರಮೀಳಾಳ ಕೈಗಿಟ್ಟಳು.

ಮುಂದಿನ ಕಡಲತೀರದಲ್ಲಿ ದಿಲೀಪ ಬ್ರೇಕು ಒತ್ತಿ ಹಿಂದಕ್ಕೆ ತಿರುಗಿದ. ಕೇಳಲೋ ಬೇಡವೋ ಎನ್ನುವ ಮುಖ.

"ಎಲ್ಲಿ ನಿಲ್ಲಿಸ್ಲಿ ಅಜ್ಜಿ?"

ಮಂಚಮ್ಮ ಇಳಿದಳು. ಈ ಸಲ ನೀರಿನ ಕಡೆ ನೋಡಲಿಲ್ಲ. ತಲೆ ಬಗ್ಗಿಸಿ ಒಣಚಿಪ್ಪಿನ ಗೆರೆ ಹುಡುಕುತ್ತ ನಡೆದು, ಸಿಕ್ಕಿದ ಕಡೆ ನಿಂತು, ಅದರಿಂದ ಹತ್ತು ಮಾರು ಮೇಲೆ ಹೋಗಿ ಗುದ್ದಲಿ ನೆಟ್ಟಳು.

"ಇದರಿಂದ ಮೇಲೆ. ಒಂದು ಗೇಣೂ ಕೆಳಕ್ಕೆ ಬೇಡ."

ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.