ಮೈಸೂರಿನ ಹೋಟೆಲಿನಲ್ಲಿ ಒಂದು ಬಿಸಿ ಊಟ

ಹಾಸನದಿಂದ ಬೆಳಗಿನ ರೈಲಿಗೆ ಹೊರಟೆವು. ಹೈಸ್ಕೂಲಿನ ಬೋರ್ಡಿಂಗಿನಲ್ಲಿ ವಾರ್ಡನ್ನಾಗಿದ್ದು ಉದ್ಯೋಗಕಾಲವನ್ನೆಲ್ಲ ಗಂಟೆ ಹೊಡೆಸುತ್ತ ಕಳೆದವನು ನಾನು. ರೈಲು ಬರುವುದಕ್ಕೆ ಬಹಳ ಮುಂಚೆಯೇ ನಿಲ್ದಾಣದಲ್ಲಿದ್ದೆ. ಜೊತೆಗೆ ಹೆಂಡತಿ ಪಾರ್ವತಿ, ಒಂದು ಟ್ರಂಕು, ಹಾಸಿಗೆ ಸುತ್ತಿದ ಒಂದು ಹೋಲ್ಡಾಲು, ನೀರಿನ ಕೂಜ.

ಪ್ರವಾಸ ಮಗಳು ವಿಮಲೆಯ ಏರ್ಪಾಡು. ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ನಮಗೆ ಎರಡು ರಾತ್ರಿಗೆ ರೂಮು ಹಿಡಿದಿದ್ದಳು. ನಮ್ಮನ್ನು ಕಳಿಸಲು ಬಂದವಳು ಪ್ಲಾಟ್‌ಫಾರಮ್ಮಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಅಪ್ಪಾ, ಅರಮನೆ ನೋಡದಿದ್ರೂ ಪರವಾಗಿಲ್ಲ. ಅಮ್ಮ ಒಂದು ಊಟನಾದ್ರೂ ಕೂತ್ಕೊಂಡು ಬಿಸಿಬಿಸಿಯಾಗಿ ಮಾಡ್ಬೇಕು. ಎಲ್ಲರಿಗೂ ಬಡಿಸಿ, ಕೊನೇಲಿ ಆರಿದ್ದನ್ನ ತಿನ್ನೋದೇ ನಾನು ನೋಡಿರೋದು” ಎಂದಳು. “ಆಗಲಿ” ಎಂದೆ. ಆಗಲಿ ಎಂದ ಮೇಲೆ ಆಗಲೇಬೇಕು. ಬೋರ್ಡಿಂಗಿನಲ್ಲಿ ಅದು ನನ್ನ ಕಾನೂನಾಗಿತ್ತು.

ಹೊಳೆನರಸೀಪುರದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಹಸಿರು ಗದ್ದೆ, ಆಗಾಗ ಎಳೆ ಬಿಸಿಲು. ಮಧ್ಯಾಹ್ನಕ್ಕೆ ಮೈಸೂರು ತಲುಪಿದೆವು. ಹೊಸ ಪೈಸೆ ಬಂದ ಹೊಸತು. ಟಾಂಗಾದವನು ಮಾತ್ರ, “ಹೊಸ ಪೈಸೆ ನನ್ ಕುದುರೆಗೆ ಅರ್ಥವಾಗಕಿಲ್ಲ, ಎಂಟಾಣೆ ಕೊಡಿ ಬುದ್ಧಿ” ಎಂದ. ಕುದುರೆಯ ಮೇಲಿನ ಗೌರವದಿಂದ ಒಪ್ಪಿಕೊಂಡೆ.

ನಾವು ಇಳಿದ ಹೋಟೆಲನ್ನು ಮಹಾರಾಜರ ಕಾಲದಲ್ಲಿ, ದಸರಾಕ್ಕೆ ಬರುವ ದೊಡ್ಡ ಮನುಷ್ಯರಿಗಾಗಿ ಈಗಿನ ಯಜಮಾನರ ತಾತ ಕಟ್ಟಿಸಿದರಂತೆ. ತೇಗದ ಮೆಟ್ಟಿಲು, ಆಳೆತ್ತರದ ಕನ್ನಡಿ, ಜರಿ ಅಂಚಿನ ಪೇಟ ಸುತ್ತಿದ ಬೇರರುಗಳು. ಯಜಮಾನರ ಮನೆಮಂದಿ ಇಂದಿಗೂ ಹಿಂಭಾಗದಲ್ಲೇ ವಾಸ. ರೂಮಿನ ಹಾಸಿಗೆಯನ್ನು ಒತ್ತಿ ನೋಡಿದ ಪಾರ್ವತಿ, “ಇದರೊಳಗೆ ಮುಳುಗಿಹೋದ್ರೆ ಎತ್ತೋರು ಯಾರ್ರೀ?” ಎಂದಳು. ನಾನು ಮುಖ ತೊಳೆದು ಬರುವಷ್ಟರಲ್ಲಿ ಬಚ್ಚಲಿನ ಬಿಳಿಯ ಪಿಂಗಾಣಿ ತೊಟ್ಟಿಯಲ್ಲಿ ನಮ್ಮ ಬಟ್ಟೆ ನೆನೆಹಾಕಿಯಾಗಿತ್ತು.

ನಮ್ಮ ಬೇರರು ಸಿದ್ದಪ್ಪ ಅದನ್ನು ನೋಡಿ ನಗು ತಡೆಯಲಾರದೆ, “ಅಮ್ಮಾವ್ರೇ, ಅದು ಮೈ ತೊಳಕೊಳ್ಳೋ ತೊಟ್ಟಿ ಕಣ್ರೀ” ಎಂದ.

“ಬಟ್ಟೆ ಇರೋದೂ ಮೈಮೇಲೇ ಅಲ್ವೇನಪ್ಪಾ?” ಎಂದಳು ಇವಳು.

ಮೊದಲ ದಿನದ ಊಟಗಳು ಕೈತಪ್ಪಿದವು. ಊಟದ ಹಾಲಿನಲ್ಲಿ ಬೆಳ್ಳಿ ತಟ್ಟೆ, ಹಬೆಯಾಡುವ ಅನ್ನ. ಇವಳು ಮಾತ್ರ ನನ್ನ ಕುರ್ಚಿಯ ಹಿಂದೆ ನಿಂತಳು. “ಕೂತ್ಕೋ” ಎಂದರೆ, “ನೀವು ಮುಗಿಸಿ.” ನಾನು ಮುಗಿಸುವಷ್ಟರಲ್ಲಿ ಅವಳ ತಟ್ಟೆಯ ಅನ್ನ ಆರಿಹೋಗಿತ್ತು. ಸಿದ್ದಪ್ಪ ಬಿಸಿಯದು ತರಲು ಹೊರಟರೆ, “ಇದನ್ನ ಚೆಲ್ಲೋದಾ? ಬೇಡಪ್ಪಾ” ಎಂದು ಅದನ್ನೇ ಉಂಡಳು. ರಾತ್ರಿಯೂ ಹಾಗೆಯೇ ಆಯಿತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಚಾಮುಂಡಿಯ ದರ್ಶನ ಮಾಡಿ, ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಂಡು ಹಿಂತಿರುಗಿದೆವು. ಮಧ್ಯಾಹ್ನ ಊಟಕ್ಕೆ ಪಾರ್ವತಿಯನ್ನು ನನ್ನ ಎದುರಿಗೇ ಕೂರಿಸಿದೆ. ಗೆದ್ದೆನೆಂದುಕೊಂಡು ಮೊದಲ ತುತ್ತು ಕಲಸುತ್ತಿದ್ದೆ.

“ನೀನು ಉಂಡೆಯೇನಪ್ಪಾ?” ಎಂದು ಅವಳು ಸಿದ್ದಪ್ಪನನ್ನು ಕೇಳಿದಳು.

“ಇನ್ನೂ ಇಲ್ರಮ್ಮಾ.”

ಅಷ್ಟೇ. ಎದ್ದವಳೇ ಅವನ ಕೈಯಿಂದ ಸಾರಿನ ಪಾತ್ರೆ, ಸೌಟು ಕಸಿದುಕೊಂಡು, “ಹೋಗು, ಉಂಡು ಬಾ” ಎಂದು ಉಳಿದ ಮೇಜುಗಳಿಗೆಲ್ಲ ತಾನೇ ಬಡಿಸತೊಡಗಿದಳು. ಸೂಟು ತೊಟ್ಟ ಕಾಫಿ ತೋಟದ ಸಾಹುಕಾರರೊಬ್ಬರು ಇವಳನ್ನೇ ಯಜಮಾನಿತಿಯೆಂದು ತಿಳಿದು ಇನ್ನಷ್ಟು ತುಪ್ಪ ಕೇಳಿದರು. ಧಾರಾಳವಾಗಿ ಹಾಕಿದಳು.

ಉಳಿದ ಮೇಜಿನವರೆಲ್ಲ ಉಂಡು ಎದ್ದರು; ನಾನು ಕಲಸಿದ ಅನ್ನದ ಮುಂದೆ ಇವಳಿಗಾಗಿ ಕಾದಿದ್ದೆ. ಸಿದ್ದಪ್ಪ ಇನ್ನೂ ಹೋಗಿರಲಿಲ್ಲ. “ನಾವು ಉಣ್ಣೋದು ದೊಡ್ಡಮ್ಮಾರು ಉಂಡ ಮ್ಯಾಲೆ ಬುದ್ಧಿ. ರೂಮಿನೋರೆಲ್ಲ ಉಣ್ಣೋಗಂಟ ಅವರು ತಟ್ಟೆ ಮುಂದೆ ಕೂರಲ್ಲ” ಎಂದು ನನ್ನ ಕಿವಿಯಲ್ಲಿ ಹೇಳಿದ. ದೊಡ್ಡಮ್ಮನೆಂದರೆ ಯಜಮಾನರ ತಾಯಿ. ಅಷ್ಟರಲ್ಲಿ ಅವರೇ ಹಿಂಬಾಗಿಲಿನಿಂದ ಬಂದರು. ತೆಳ್ಳನೆಯ ಮೈ, ದಪ್ಪ ದನಿ.

“ಯಾರಮ್ಮಾ ಅದು, ನನ್ನ ಹೋಟ್ಲು ಜಪ್ತಿ ಮಾಡ್ಕೊಂಡಿರೋದು?”

“ನಾನೇ. ನೀವು ಕೂತ್ಕೊಳ್ಳಿ, ಬಡಿಸ್ತೀನಿ” ಎಂದಳು ಪಾರ್ವತಿ.

“ಬಂದೋರು ಹಸ್ಕೊಂಡಿರುವಾಗ ನಾನುಂಡ್ರೆ ನಮ್ಮ ಮಾವನೋರು ಫೋಟೋದಿಂದ ಇಳಿದು ಬಂದ್ಬುಡ್ತಾರೆ ಕಣಮ್ಮ!”

“ಬಡಿಸೋರು ಹಸ್ಕೊಂಡಿರುವಾಗ ನನ್ನ ಗಂಟಲಲ್ಲೂ ಇಳಿಯಲ್ಲ.”

ಇಬ್ಬರೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತರು. ಸಿದ್ದಪ್ಪ ನನ್ನತ್ತ ತಿರುಗಿ, “ಇಂಗೇ ಆದ್ರೆ ಇವತ್ತು ಯಾರ್ಗೂ ಊಟ ಇಲ್ಲ ಬುದ್ಧಿ” ಎಂದ.

ಬೋರ್ಡಿಂಗಿನಲ್ಲಿ ಹುಡುಗರಿಗೆ ಹುಳಿ ಬಡಿಸುತ್ತಿದ್ದವನು ನಾನೇ. ಕೈ ತೊಳೆದು, ಅಂಗಿಯ ತೋಳು ಮಡಿಸಿ, ಪಾರ್ವತಿಯ ಕೈಯಿಂದ ಸೌಟು ತೆಗೆದುಕೊಂಡು ಪಾತ್ರೆಯ ಅಂಚಿಗೆ ಠಣ್ ಎಂದು ಬಡಿದು, “ಕೂತ್ಕೊಳ್ಳಿ ಎಲ್ಲರೂ!” ಎಂದು ಕೂಗಿದೆ. ಹಳೆಯ ದನಿ ಇನ್ನೂ ಕೆಟ್ಟಿರಲಿಲ್ಲ. ದೊಡ್ಡಮ್ಮ ಬೆಚ್ಚಿ ಕೂತರು. ಅವರ ಪಕ್ಕದಲ್ಲಿ ಪಾರ್ವತಿ ಕೂತಳು. ಬೇರರುಗಳು ಹಿಂಜರಿದಾಗ ದೊಡ್ಡಮ್ಮನೇ, “ಮೇಷ್ಟ್ರು ಹೇಳಿದ್ದು ಕೇಳಿಸ್ಲಿಲ್ವೇನ್ರೋ?” ಎಂದು ಗದರಿದರು. ಅಡುಗೆಮನೆಯಿಂದ ಹೊಸದಾಗಿ ಬಿಸಿ ಅನ್ನ ತರಿಸಿದೆ.

“ರೀ, ಬೋರ್ಡಿಂಗ್ ಹುಡುಗ್ರಿಗೆ ಹಾಕ್ದಂಗೆ ಒಂದೇ ಸೌಟು ಹಾಕಿ ಮುಂದೆ ಹೋಗ್ಬೇಡಿ” ಎಂದಳು ಪಾರ್ವತಿ.

“ಮನೇಲೂ ಹಿಂಗೇ ಬಡಿಸ್ತಾರಾ?” ಎಂದು ದೊಡ್ಡಮ್ಮ ಕೇಳಿದರು.

“ಹೂಂ, ಕನಸಲ್ಲಿ!”

ಸಾರಿನ ಹಬೆಗೆ ಅವಳ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲಿಲ್ಲ, ಹಾಗೆಯೇ ಉಂಡಳು. ಎರಡನೆಯ ಸಲ ಬಡಿಸಿಕೊಂಡು, “ಸಾರು ಬಿಸಿ ಇದ್ರೆ ರುಚಿನೇ ಬೇರೆ ಕಣ್ರೀ” ಎಂದು, ನನಗೇ ಗೊತ್ತಿಲ್ಲದ ಸಂಗತಿಯೆಂಬಂತೆ ತಿಳಿಸಿದಳು. ನಾನು ಮೂರನೆಯ ಸೌಟು ಹಾಕಿದೆ. ಆಮೇಲೆ ನನ್ನ ತಟ್ಟೆಗೆ ಬಂದೆ. ಕಲಸಿಟ್ಟ ಅನ್ನ ತಣ್ಣಗಾಗಿತ್ತು. ಊಟ ಚೆನ್ನಾಗಿಯೇ ಸೇರಿತು.

ಮೂರನೆಯ ದಿನ ಬೆಳಿಗ್ಗೆ ಹೊರಡುವಾಗ ದೊಡ್ಡಮ್ಮ ಹಬೆಯಿಂದ ಇಳಿಸಿದ ಇಡ್ಲಿಯನ್ನು ಡಬ್ಬಿಗೆ ತುಂಬಿ ತಾವೇ ಟಾಂಗಾದವರೆಗೆ ತಂದುಕೊಟ್ಟರು. ರೈಲು ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಚಾಮುಂಡಿ ಬೆಟ್ಟ ಮರೆಯಾಗುವವರೆಗೂ ನೋಡಿದೆ. ನಾವು ತಿಂಡಿ ತಿನ್ನುವ ಹೊತ್ತು ಇನ್ನೂ ಆಗಿರಲಿಲ್ಲ. ತಿರುಗಿ ಕೂತಾಗ ಪಾರ್ವತಿ ಸೀಟಿನ ಮೇಲೆ ಎರಡು ಎಲೆಗಳನ್ನು ಒಟ್ಟಿಗೇ ಹಾಕಿದ್ದಳು. ನನ್ನ ಎಲೆಗೆ ಇಡ್ಲಿ ಬಂದಿತ್ತು. ಅವಳ ಎಲೆಯಲ್ಲಿ ಅರ್ಧ ಇಡ್ಲಿ ಆಗಲೇ ಮುಗಿದಿತ್ತು. ನಾನು ಕೈಗಡಿಯಾರ ನೋಡಿಕೊಂಡೆ.

“ಗಡಿಯಾರ ಏನು ನೋಡ್ತೀರಾ?” ಎಂದಳು ಬಾಯಿ ತುಂಬಿಕೊಂಡು. “ತಿನ್ನಿ, ಆರಿಹೋಗುತ್ತೆ.”