ಸುಕ್ಕಿಲ್ಲದ ಮನೆ

"ನಮ್ಮನೇಲಿ ಏನೂ ತೊಂದ್ರೆ ಇಲ್ಲ ಮೇಡಂ. ಎಲ್ಲಾ ಅಚ್ಚುಕಟ್ಟು. ಬೇರೆ ಮನೆಗಳಲ್ಲಿ ಇಂಥ ಮಕ್ಕಳು ಕಿರುಚ್ತಾರಂತೆ, ಕೈಗೆ ಸಿಕ್ಕಿದ್ದು ಎಸೀತಾರಂತೆ. ಪಾಪ, ಅವರಪ್ಪ ಅಮ್ಮಂದಿರಿಗೆ ಸಾಕೋಕೆ ಬರಲ್ಲ, ಏನ್ಮಾಡ್ತೀರಿ? ನಮ್ಮೋನನ್ನ ನೋಡಿ, ಮದುವೆ ಗಂಡಿನ ಥರ ಕೂತಿದಾನೆ! ಊರಿಗೆ ಊರೇ ಜ್ವರಕ್ಕೆ ಹೆದರಿ ಬಾಗಿಲು ಹಾಕ್ಕೊಂಡಿದ್ರೂ ನಮ್ಮಲ್ಲಿ ಏಳೋದು, ಸ್ನಾನ, ಊಟ, ಓದು, ಎಲ್ಲಾ ಹೊತ್ತು ಹೊತ್ತಿಗೆ ಸರಿಯಾಗಿ. ಓದು ಅಂದ್ರೆ... ಚಿತ್ರ ನೋಡೋದು ಅನ್ನಿ. ಯಜಮಾನ ಅನ್ನೋನು ಗಟ್ಟಿಯಾಗಿದ್ರೆ ಮನೆ ತಾನಾಗೇ ನೆಟ್ಟಗಿರುತ್ತೆ ಮೇಡಂ. ನಮ್ಮ ಬಗ್ಗೆ ತಲೆ ಕೆಡಿಸ್ಕೋಬೇಡಿ. ಕಷ್ಟದಲ್ಲಿರೋರನ್ನ ವಿಚಾರಿಸ್ಕೊಳ್ಳಿ."

ಇಸ್ತ್ರಿಯಣ್ಣ ಫೋನಿನ ಮುಂದೆ ಹೀಗೆ ಕೊಚ್ಚಿಕೊಳ್ಳುತ್ತಿದ್ದಾಗ ಅವನ ಹೆಂಡತಿ, ಫೋನಿನ ಕಣ್ಣಿಗೆ ಬೀಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮಗ ಬೆಳಗ್ಗೆ ಎಸೆದು ಒಡೆದ ತಟ್ಟೆಯ ಚೂರುಗಳನ್ನು ರಟ್ಟಿನ ಮೇಲೆ ಬಳಿದುಕೊಳ್ಳುತ್ತಿದ್ದಳು. ಅದೂ ಸದ್ದಾಗದ ಹಾಗೆ. ಒಂದು ಚೂರು ಕಿಣಿ ಅಂದರೂ ಸಾಕು, ಗಂಡನ ಮುಖ ಫೋನಿಗೆ ಹಲ್ಲು ಬಿಡುತ್ತಲೇ ಇರುತ್ತಿತ್ತು, ಕೆಳಗೆ ಕಾಲು ಮಾತ್ರ ಅವಳ ಕಡೆ ತಿರುಗಿ ನೆಲ ಒದೆಯುತ್ತಿತ್ತು.

ಈ ಮನುಷ್ಯನ ಜಾತಕವೇ ಅದು. ಬೀದಿ ತಿರುವಿನಲ್ಲಿ ಇಸ್ತ್ರಿ ಅಂಗಡಿ. ಕೆಲಸದಲ್ಲಿ ಒಂದು ಮಾತು ಆಡುವ ಹಾಗಿಲ್ಲ, ಅಂಗಿಯ ಕಾಲರು ಗಾಜಿನ ಹಾಗೆ ನಿಲ್ಲಿಸುತ್ತಿದ್ದ. ಆದರೆ ಕಂಡದ್ದಕ್ಕೆಲ್ಲ ಇಸ್ತ್ರಿ ಎಳೆಯುವ ಚಟ. ತನ್ನ ತಾಯಿ ತೀರಿಕೊಂಡ ದಿನ, ನೋಡಲು ಬಂದವರು ಏನಂದುಕೊಂಡಾರು ಅಂತ ಮೊದಲು ಅಂಗಿಗೆ ಇಸ್ತ್ರಿ ಹಾಕಿ, ಅದನ್ನು ತೊಟ್ಟು, ಕನ್ನಡಿ ನೋಡಿಕೊಂಡು, ಆಮೇಲೆ ಅತ್ತವನು. ಮದುವೆಯಾದ ಹೊಸದರಲ್ಲಿ ಹೆಂಡತಿ ಇದನ್ನು ಶಿಸ್ತು ಅಂದುಕೊಂಡಿದ್ದಳು. ಬರಬರುತ್ತಾ ಬೇರೆ ಹೆಸರು ಸಿಕ್ಕಿತು, ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಮಗ ಒಬ್ಬನೇ. ಮೀಸೆ ಬಂದ ಹುಡುಗ, ಆಟಿಸಂ ಇರುವವನು. ಮಾತಿಲ್ಲ. ದಿನಾ ಬೆಳಗ್ಗೆ ಶಾಲೆಯ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಅಂಗಡಿಗೆ ಬಂದು, ಬಟ್ಟೆ ಗಂಟು ಹೆಗಲಿಗೇರಿಸಿಕೊಂಡು ಅಪ್ಪನ ಹಿಂದೆ ಮನೆಮನೆಗೆ ಹೋಗುತ್ತಿದ್ದ. ಜ್ವರ ಹಬ್ಬಿ ಶಾಲೆಯೂ ಮುಚ್ಚಿತು, ಅಂಗಡಿಯೂ ಮುಚ್ಚಿತು. ಹುಡುಗ ಚೀಲ ತಗುಲಿಸಿಕೊಂಡು ಬಾಗಿಲಲ್ಲಿ ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ವ್ಯಾನು ಬರುವ ಹೊತ್ತು ಮೀರಿತೋ, ತಲೆಯನ್ನು ಗೋಡೆಗೆ ಚಚ್ಚುವುದು, ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುವುದು.

ಶಾಲೆಯವರು ಕೈಬಿಡಲಿಲ್ಲ ಅನ್ನಿ. ಒಬ್ಬ ಟೀಚರಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಮುಖ ತೋರಿಸಿ ವಿಚಾರಿಸುತ್ತಿದ್ದಳು, ಬೇಕಾದರೆ ಡಾಕ್ಟರನ್ನೂ ಅದೇ ಫೋನಿಗೆ ಕರೆಸುತ್ತಿದ್ದಳು. ಆ ದಿನ ಬಂತೆಂದರೆ ಇಸ್ತ್ರಿಯಣ್ಣನ ಸಡಗರ ಹೇಳತೀರದು. ಮಗ ತಲೆ ಚಚ್ಚಿ ಗೋಡೆಯ ಗಾರೆ ಉದುರಿದ ಜಾಗಕ್ಕೆ ಮಂಚದ ಗರಿಗರಿ ಹಾಸು ಕಟ್ಟುವುದು. ಮಗನಿಗೆ ಉದ್ದ ತೋಳಿನ ಅಂಗಿ ಹಾಕಿ ಮಣಿಕಟ್ಟಿನ ಗುಂಡಿ ಬಿಗಿಯುವುದು. ಹುಡುಗ ಅತ್ತು ಬಳಲಿ ತೆಪ್ಪಗಾಗುವ ಹೊತ್ತು ನೋಡಿಕೊಂಡು ಫೋನಿನ ಮುಂದೆ ಕೂರಿಸುವುದು. ಆ ಟೀಚರಮ್ಮನೋ, ಹಾಸನ್ನು ನೋಡಿ "ವೆರಿ ಗುಡ್", ಅಂಗಿಯನ್ನು ನೋಡಿ "ವೆರಿ ಗುಡ್".

ಅವತ್ತೂ ಅಷ್ಟೆ. "ಹಾಗಾದ್ರೆ ನಿಮ್ಮನೆಗೆ ಮುಂದಿನ ವಾರ ಒಂದ್ಸಲ ಫೋನ್ ಮಾಡಿ ನಿಲ್ಲಿಸ್ತೀನಿ. ನಿಮ್ಮ ಹೊತ್ತನ್ನ ಬೇರೆಯವರಿಗೆ ಕೊಡ್ತೀನಿ, ತುಂಬಾ ಜನ ಕಾಯ್ತಿದಾರೆ" ಅಂದಳು.

"ಧಾರಾಳವಾಗಿ ಕೊಡಿ!" ಅಂದ ಇಸ್ತ್ರಿಯಣ್ಣ, ತನ್ನ ಜೇಬಿನಿಂದ ದಾನ ಕೊಟ್ಟವನ ಹಾಗೆ.

ಫೋನು ಆರಿದ ಮೇಲೆ ಹೆಂಡತಿ ಎದ್ದಳು. "ಏನ್ರೀ, ಅವನ ಕೈಗಾಯ ಕೀವು ಕಟ್ಟಿದೆ. ಡಾಕ್ಟರಿಗೆ ತೋರಿಸೋಕೆ ಇದ್ದಿದ್ದು ಅದೊಂದೇ ದಾರಿ. ಅದನ್ನೂ ದಾನ ಮಾಡಿಬಿಟ್ರಾ?"

"ಲೇ, ನಾಲ್ಕು ಜನರ ಮುಂದೆ ಮಾನ ತೆಗೀಬೇಡ."

"ನಾಲ್ಕು ಜನ ಎಲ್ಲಿದಾರೆ? ಇರೋದು ಒಂದು ಫೋನು."

"ಮುಲಾಮು ಹಚ್ಚು, ಹೋಗುತ್ತೆ."

"ನಿಮ್ಮ ನಾಲಿಗೆಗೇ ಹಚ್ಕೊಳ್ಳಿ. ಅಲ್ಲೇ ಜಾಸ್ತಿ ಕೆಟ್ಟಿರೋದು."

ವಾರವಿಡೀ ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಸೋತಳು ಅಂದುಕೊಂಡ ಗಂಡ. ಅವನ ಬುದ್ಧಿಗೆ ಸುಮ್ಮನಿರುವುದು ಅಂದರೆ ಸೋಲುವುದು. ಅಷ್ಟರಲ್ಲಿ ಹುಡುಗನ ಮುಂಗೈ ಊದಿಕೊಂಡಿತ್ತು, ಮುಟ್ಟಿದರೆ ಕೈ ಕಿತ್ತುಕೊಳ್ಳುತ್ತಿದ್ದ.

ಮುಂದಿನ ವಾರ ಹಾಸು ಏರಿತು. ಅಂಗಿ ಏರಿತು. "ನಮ್ಮನೇಲಿ ಏನೂ ತೊಂದ್ರೆ..." ಅಂತ ಅವನು ರಾಗ ಎಳೆಯುವಷ್ಟರಲ್ಲಿ ಹೆಂಡತಿ ಮೂಲೆಯಿಂದ ಬಂದು, ಹಾಸಿನ ತುದಿ ಹಿಡಿದು ಒಂದೇ ಸಲಕ್ಕೆ ಜಗ್ಗಿದಳು. ಅದು ಇಸ್ತ್ರಿಯಣ್ಣನ ತಲೆಯ ಮೇಲೇ ಬಿತ್ತು. ಅವನು ಒಳಗೆ ತಡಕಾಡುತ್ತಿದ್ದಾಗ ಅವಳು ಮಗನ ಪಕ್ಕ ಕೂತು, "ಬಾ ಮರಿ" ಅಂತ ಮಣಿಕಟ್ಟಿನ ಗುಂಡಿ ಬಿಚ್ಚಿ ತೋಳು ಮೇಲೆತ್ತಿದಳು.

ಟೀಚರಮ್ಮನ ಬಾಯಲ್ಲಿ ವೆರಿ ಗುಡ್ ಬರಲಿಲ್ಲ.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಇವರು ತೋರಿಸಿದ್ದು ಅಂಗಿ, ನೀವು ನೋಡಿದ್ದೂ ಅಂಗಿ. ಒಳಗೆ ಹುಡುಗ ಇದಾನೆ ಅಂತ ನಾನಾದ್ರೂ ಹೇಳ್ಬೇಕಿತ್ತು. ಈಗ ಹೇಳ್ತಿದೀನಿ."

ಟೀಚರಮ್ಮ ಮುಖ ಸಣ್ಣಗೆ ಮಾಡಿಕೊಂಡರೂ ಜಗಳಕ್ಕೆ ಬರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಆಗಲೇ ಡಾಕ್ಟರನ್ನು ಫೋನಿಗೆ ಕರೆದಳು. ಅವರು ಗಾಯವನ್ನು ಹತ್ತಿರ ಹಿಡಿಸಿ ನೋಡಿ ಔಷಧಿ ಹೇಳಿದರು, ಮನೆಗೇ ಕಳಿಸುತ್ತೇವೆ ಅಂದರು. ಆಮೇಲೆ ಟೀಚರಮ್ಮ ಕೇಳಿದಳು, "ಅಂಗಡೀಲಿ ಇದ್ದಾಗ ಹೀಗೆ ಕಚ್ಕೋತಿದ್ನಾ?"

"ಇಲ್ಲ. ಗಂಟು ಹೊತ್ಕೊಂಡು ಓಡಾಡ್ಕೊಂಡಿದ್ದ."

"ಆ ಭಾರ ಅವನಿಗೆ ಹಿತವಾಗಿತ್ತೇನೋ. ವ್ಯಾನು ಬರೋ ಹೊತ್ತಿಗೆ ಸ್ವಲ್ಪ ಮುಂಚೆ ಒಂದು ಗಂಟು ಹೊರಿಸಿ, ಮನೆಯೊಳಗೇ ಅಲ್ಲಿಂದಿಲ್ಲಿಗೆ ತಂದಿಡೋ ಕೆಲಸ ಕೊಡಿ. ಒಂದೇ ದಿನಕ್ಕೆ ಸರಿಹೋಗಲ್ಲ. ಮುಂದಿನ ವಾರಾನೂ ಮಾಡ್ತೀನಿ, ಆಮೇಲೂ ಮಾಡ್ತೀನಿ."

ಅಷ್ಟರಲ್ಲಿ ಹಾಸಿನಿಂದ ಹೊರಬಂದು ಅದನ್ನೇ ಮಡಚುತ್ತಿದ್ದ ಇಸ್ತ್ರಿಯಣ್ಣ ಬಾಯಿ ಬಿಟ್ಟ. "ಅಂಗಡಿ ಮುಚ್ಚಿದೆ ಮೇಡಂ. ಯಾರ ಬಟ್ಟೆ ಹೊರಿಸೋದು?"

"ನಿಮ್ಮದೇ."

"ನಮ್ಮದಾ? ಎಲ್ಲಾ ಇಸ್ತ್ರಿ ಮಾಡಿಟ್ಟಿರೋದು! ಗಂಟು ಕಟ್ಟಿದ್ರೆ ಸುಕ್ಕಾಗಲ್ವಾ?"

ಮಗನ ಕೈ ಹಾಗೆ ಊದಿರುವಾಗ ಈ ಪುಣ್ಯಾತ್ಮನ ಬಾಯಲ್ಲಿ ಬಂದ ಪ್ರಶ್ನೆ ಅದು. ಹೆಂಡತಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಕೊಳೆ ಹೋಗದ ಬಟ್ಟೆಯನ್ನು ನೋಡುವ ಹಾಗೆ.

ಮಾರನೆ ದಿನ ಅವಳೇ ಬೀರು ತೆರೆದು, ಗಂಡನ ಗರಿಗರಿ ಅಂಗಿಗಳು, ಪ್ಯಾಂಟುಗಳು, ಆ ಹಾಸು, ಎಲ್ಲವನ್ನೂ ತುರುಕಿ ದಪ್ಪ ಗಂಟು ಕಟ್ಟಿದಳು. ಹುಡುಗ ಬಾಗಿಲಲ್ಲಿ ಚೀಲ ತಗುಲಿಸಿಕೊಂಡು ನಿಂತಿದ್ದ. ಗಂಟನ್ನು ಹೆಗಲಿಗೆ ಏರಿಸಿದ ಮೇಲೂ ಒಂದು ಸಲ ಕೈ ಬಾಯಿಗೆ ಹೋಯಿತು. ಆಮೇಲೆ ಗಂಟು ಜಾರಿತು ಅಂತ ಅದೇ ಕೈಯಲ್ಲಿ ಹಿಡಿದುಕೊಂಡ. ಒಳಕೋಣೆಗೆ ಹೋದ, ಇಳಿಸಿದ, ಮತ್ತೆ ಹೊತ್ತು ತಂದ.

"ಅಯ್ಯೋ, ಕಾಲರು! ಕಾಲರು ನೋಡ್ಕೊಳ್ಳೋ ಮಾರಾಯ!" ಅಂತ ಅಪ್ಪ ಹಿಂದೆ ಹಿಂದೆ ಓಡಾಡಿದ. ಯಾರೂ ಸೊಪ್ಪು ಹಾಕಲಿಲ್ಲ.

ಹುಡುಗ ಸುಸ್ತಾಗಿ ಗಂಟು ಇಳಿಸಿ ಅದರ ಮೇಲೇ ಕೂತ. ಅವನು ಎದ್ದ ಮೇಲೆ ಬಿಚ್ಚಿ ನೋಡಿದರೆ ಬಟ್ಟೆಯೆಲ್ಲ ಮುದ್ದೆ.

"ನಾಳೆಗೆ ಮತ್ತೆ ಬೇಕು" ಅಂದಳು ಹೆಂಡತಿ. "ನಾಳಿದ್ದಿಗೂ."

ಇಸ್ತ್ರಿಯಣ್ಣ ಗೊಣಗಿಕೊಂಡೇ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿದ. ಹಾಸನ್ನು ಮೇಜಿನ ಮೇಲೆ ಹರವಿ, ಬೊಗಸೆಯಿಂದ ನೀರು ಚಿಮುಕಿಸಿ, ತುದಿಯಿಂದ ಇಸ್ತ್ರಿ ಎಳೆಯತೊಡಗಿದ.