ರಾಮಯ್ಯನವರ ಕಾಲು ಮುಚ್ಚದ ಕೌದಿ

ಲಗ್ಗೆರೆಯ ರಾಮಯ್ಯನವರ ಮಗಳು ವತ್ಸಲಾ ಬಟ್ಟೆಯ ವಿಷಯದಲ್ಲಿ ಮಹಾ ಜಿಪುಣಿ. ಬ್ಲೌಸಿನ ಚೂರು, ಲಂಗದ ಅಂಚು, ಯಾವುದನ್ನೂ ಬಿಸಾಡಿದವಳಲ್ಲ. ಎಲ್ಲವೂ ಒಂದಲ್ಲ ಒಂದು ದಿನ ಕೌದಿಯಾಗಲೇಬೇಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಳತೆಗೆ ಸರಿಯಾಗಿ ಕಬ್ಬಿಣ ಕುಯ್ಯುವ ಟೂಲ್‌ರೂಮಿನಲ್ಲಿದ್ದ ಜಯಸಿಂಹನನ್ನು ಮದುವೆಯಾಗಿ ಬಂದಾಗಲೂ ಒಂದು ಗಂಟು ಚಿಂದಿ ಜೊತೆಗೇ ಬಂದಿತ್ತು. ಬೀಗರು ನಕ್ಕರು. ಮೊದಲ ಚಳಿಗಾಲದಲ್ಲಿ ಅದೇ ಬೀಗರು ಕೌದಿಗೆ ಕ್ಯೂ ನಿಂತರು ಬಿಡಿ.

ಎಂಬತ್ತೈದನೇ ಇಸವಿಯಲ್ಲಿ ಅವಳ ತಾಯಿ ಭಾಗ್ಯಮ್ಮ ತೀರಿಕೊಂಡರು. ಒಬ್ಬಳೇ ಮಗಳು, ಅಪ್ಪನನ್ನು ಪೀಣ್ಯಕ್ಕೆ ಕರೆತಂದಳು. ಬಂದರೇನು, ಮುದುಕರಿಗೆ ನಿದ್ದೆಯೇ ಇಲ್ಲ. ಕಣ್ಣು ಮುಚ್ಚಿದರೆ ಪಕ್ಕ ಖಾಲಿ ಅನ್ನಿಸುತ್ತದಂತೆ. ಡಾಕ್ಟರ ಮಾತ್ರೆ ಸೋತಿತು, ಗಸಗಸೆ ಪಾಯಸವೂ ಸೋತಿತು. ಅಪ್ಪ ದಿನದಿನಕ್ಕೆ ಇಳಿದುಹೋಗುವುದನ್ನು ವತ್ಸಲಾ ನೋಡಲಾರದಾದಳು. ಅಮ್ಮನ ಸೀರೆಗಳಲ್ಲೇ ಕೌದಿ ಹೊಲಿದು ಹೊದಿಸುತ್ತೇನೆ, ನಿದ್ದೆ ಹೇಗೆ ಬರುವುದಿಲ್ಲ ನೋಡೋಣ ಎಂದು ಹಠ ತೊಟ್ಟಳು.

ಆಗಷ್ಟೇ ಜಪಾನಿಗೆ ತರಬೇತಿಗೆ ಹೋಗಿ ಬಂದಿದ್ದ ಜಯಸಿಂಹ ಅಲ್ಲಿಂದ ಒಂದು ಉರುಳುವ ಕತ್ತರಿ ತಂದಿದ್ದ. ಹಿಡಿಯ ತುದಿಯಲ್ಲಿ ಬಿಸ್ಕತ್ತಿನಷ್ಟು ಗುಂಡನೆಯ ಬ್ಲೇಡು. ಉರುಳಿಸಿದರೆ ನಾಲ್ಕು ಮಡಿಕೆ ಬಟ್ಟೆ ಒಂದೇ ಏಟಿಗೆ ಕುಯ್ಯುತ್ತಿತ್ತು. ಇನ್ನೇನು, ಗಂಡ ಗುರುವಾದ.

"ನಿಂತ್ಕೊಂಡು ಕುಯ್ಯಬೇಕು ಕಣೇ, ಕೂತಲ್ಲ. ಕೆಳಗೆ ಈ ರಬ್ಬರ್ ಶೀಟಿರಲಿ, ಇಲ್ದಿದ್ರೆ ಬ್ಲೇಡ್ ಮೊಂಡಾಗುತ್ತೆ. ಸ್ಟೀಲ್ ಸ್ಕೇಲನ್ನ ಒತ್ತಿ ಹಿಡಿ, ಬೆರಳು ಅಂಚಿಗೆ ಬರಬಾರದು. ಚಕ್ರ ಯಾವಾಗ್ಲೂ ನಿನ್ನಿಂದ ಆಚೆಗೇ ಉರುಳಲಿ. ಕೆಳಗಿಟ್ಟ ಕೂಡ್ಲೇ ಬ್ಲೇಡ್ ಮುಚ್ಚು."

"ಪಾಠ ಎಲ್ಲಾ ಆಯ್ತು. ನನ್ ಕೈಗೆ ಯಾವಾಗ ಕೊಡ್ತೀರಾ?"

ಕೊಡಲಿಲ್ಲ. ಅವಳು ನೂಲು ತರಲು ಪೇಟೆಗೆ ಹೋಗಿದ್ದಾಗ, ಬರುವಷ್ಟರಲ್ಲಿ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆಯಲ್ಲಿ, ಭಾಗ್ಯಮ್ಮನವರ ಸೀರೆಗಳಲ್ಲಿ ಗಟ್ಟಿಯಾಗಿ ಉಳಿದಿದ್ದನ್ನೆಲ್ಲ ಚೌಕಚೌಕವಾಗಿ ಕುಯ್ದು ಜೋಡಿಸಿಟ್ಟ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ವತ್ಸಲಾ ಹಿಗ್ಗಿ ಹೊಲಿಯಲು ಕೂತಳು.

ಮುಗಿಸಿ ಅಪ್ಪನಿಗೆ ಹೊದಿಸಿದಳು. ರಾಮಯ್ಯನವರು ಎತ್ತರದ ಆಳು. ಕೌದಿ ಕಣಕಾಲಿಗೇ ನಿಂತುಬಿಟ್ಟಿತ್ತು.

"ರೀ, ಹೊಲಿಗೆಗೆ ಅಂತ ಸುತ್ತ ಕಾಲಿಂಚು ಬಿಟ್ರೋ ಇಲ್ವೋ?"

"ಆರಿಂಚು ಅಂತ ನೀನೇ ಅಂದೆ, ನಾನು ಆರಿಂಚೇ ಕುಯ್ದೆ. ಡ್ರಾಯಿಂಗಲ್ಲಿ ಇರೋದಕ್ಕಿಂತ ಜಾಸ್ತಿ ಬಿಟ್ರೆ ನಮ್ಮಲ್ಲಿ ಪೀಸ್ ರಿಜೆಕ್ಟ್."

ಅಯ್ಯೋ ಟೂಲ್‌ರೂಮ್ ಬುದ್ಧಿಯೇ! ಕಬ್ಬಿಣಕ್ಕೆ ಮಡಿಸಿ ಹೊಲಿಯುವ ಕಷ್ಟವೆಲ್ಲಿಂದ ಬರಬೇಕು? ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಹಾಗಾಯಿತು. ಒಂದೊಂದು ಚೌಕದಲ್ಲಿ ಹೊಲಿಗೆ ನುಂಗಿದ ಅರ್ಧರ್ಧ ಇಂಚು ಸೇರಿ ಉದ್ದದಲ್ಲಿ ಅರ್ಧ ಅಡಿಯೇ ಮಾಯ. ಬೇರೆ ಬಟ್ಟೆ ಮನೆ ತುಂಬ ಇತ್ತು. ಅಮ್ಮನ ಸೀರೆ ಮಾತ್ರ ಇನ್ನೊಂದು ಗೇಣೂ ಉಳಿದಿರಲಿಲ್ಲ. ವತ್ಸಲಾ ಅತ್ತೇಬಿಟ್ಟಳು.

ರಾಮಯ್ಯನವರು ಕೌದಿಯನ್ನೊಮ್ಮೆ ಸವರಿದರು. ಆಮೇಲೆ ಎದ್ದು ಹೋಗಿ ತಮ್ಮ ಪೆಟ್ಟಿಗೆಯಿಂದ ಧಾರೆಯ ದಿನದ ಶಲ್ಯ ತಂದರು. ಭಾಗ್ಯಮ್ಮನ ಸೆರಗಿಗೆ ಗಂಟು ಹಾಕಿದ್ದು ಇದನ್ನೇ.

"ಇದ್ನ ಕುಯ್ಯವ್ವ. ಅವ್ಳ ಸೀರೆಗೆ ಸೇರ್ಸು."

"ಅಪ್ಪಾ, ಇದನ್ನ ಹೇಗಪ್ಪಾ..."

"ಆವತ್ತು ಐನೋರು ಗಂಟಾಕಿದ್ರು. ಇವತ್ತು ನೀನು ಒಲಿಗೆ ಆಕು. ಅಷ್ಟೇಯ."

ಈ ಸಲ ಚಕ್ರ ವತ್ಸಲಾಳ ಕೈಗೆ ಬಂತು. ನಿಂತು, ಸ್ಕೇಲು ಒತ್ತಿ, ಹೊಲಿಗೆಗೆಂದು ಧಾರಾಳವಾಗಿ ಬಿಟ್ಟು, ಆಚೆಗೆ ಉರುಳಿಸಿದಳು. ಗುರುಗಳು ರಬ್ಬರ್ ಶೀಟು ಜಾರದಂತೆ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಸಂಜೆಗೆ ಶಲ್ಯದ ತುಂಡುಗಳು ಕೌದಿಯ ತುದಿಗೆ ಸೇರಿದವು, ರಾತ್ರಿ ಅಪ್ಪನ ಕಾಲೂ ಮುಚ್ಚಿತು.

ಮರುದಿನ ಹಾಲಿನವನು ಬಂದುಹೋದ, ಕಾರ್ಖಾನೆಯ ಸೈರನ್ನೂ ಕೂಗಿ ಮುಗಿಯಿತು. ಅಪ್ಪನ ಕೋಣೆಯೊಳಗಿಂದ ಗೊರಕೆ ಬರುತ್ತಲೇ ಇತ್ತು. ವತ್ಸಲಾ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಎಬ್ಬಿಸಲು ಮನಸ್ಸಾಗಲಿಲ್ಲ, ಆ ಕಾಫಿಯನ್ನು ತಾನೇ ಕುಡಿದಳು.